ಸಾಹೇಬ್ರು ಬರೋವರೆಗೂ ಬಾರಿಸ್ತಿರಿ

ಯಾವುದಾದರೂ ಜಿಲ್ಲಾ ಉತ್ಸವದ ಆಹ್ವಾನ ಪತ್ರಿಕೆ ಬಿಡಿಸಿ ನೋಡಿ. ಮೊದಲ ಪುಟ ಉದ್ಘಾಟಕರದು. ಆಮೇಲೆ ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು. ಯಾರ ಹೆಸರು ಯಾರ ಹೆಸರಿನ ಮೇಲಿರಬೇಕು ಎಂಬುದಕ್ಕೆ ಶಿಷ್ಟಾಚಾರದ ನಿಯಮವಿದೆ. ಒಂದು ಹೆಸರು ಬಿಟ್ಟುಹೋದರೆ ರಾದ್ಧಾಂತ, ಕೆಲವೊಮ್ಮೆ ಕಾರ್ಡೇ ಮರುಮುದ್ರಣ. ಸಂಜೆ ಹಾಡಲು ಬರುವ ಸಿನಿಮಾ ಗಾಯಕರಿಗೆ ಫೋಟೊ ಸಮೇತ ಅರ್ಧ ಪುಟ. ಕಟ್ಟಕಡೆಗೆ, ಪ್ರಾಯೋಜಕರ ಲಾಂಛನಗಳಿಗಿಂತ ತುಸು ಮೇಲೆ, ಒಂದು ಸಾಲು: ‘ಹಾಗೂ ವಿವಿಧ ಜಾನಪದ ಕಲಾತಂಡಗಳಿಂದ ಭವ್ಯ ಮೆರವಣಿಗೆ’.

ಆ ಒಂದು ಸಾಲಿನೊಳಗೆ ನೂರಾರು ಜನ ಇರುತ್ತಾರೆ. ಡೊಳ್ಳಿನವರು, ತಮಟೆಯವರು, ವೀರಗಾಸೆಯವರು, ಪೂಜಾ ಕುಣಿತದವರು, ಗೊರವರು, ಕಂಸಾಳೆಯವರು, ಕೀಲುಕುದುರೆ ಮತ್ತು ಗಾರುಡಿ ಗೊಂಬೆಯ ಒಳಗೆ ಬೆವರುವವರು, ಹಗಲುವೇಷದವರು. ಮರುದಿನದ ಪತ್ರಿಕೆಯಲ್ಲಿ ಬರುವ ಚಿತ್ರ ಇವರದೇ. ಉತ್ಸವದ ಬಣ್ಣವೆಲ್ಲ ಇವರ ಮೈಮೇಲಿನದು. ಉತ್ಸವ ಹದ ತಪ್ಪಿದಾಗ ಮೊದಲ ಪೆಟ್ಟು ಬೀಳುವುದೂ ಇವರಿಗೇ. ಕಾರ್ಯಕ್ರಮ ತಡವಾದರೆ ಇವರು ಕಾಯಬೇಕು, ಭಾಷಣ ಉದ್ದವಾದರೆ ಇವರ ಅವಧಿಗೆ ಕತ್ತರಿ, ಅನುದಾನ ಸಾಲದೆ ಬಂದರೆ ಇವರ ಬಿಲ್ಲು ಹಿಂದಕ್ಕೆ.

ಇದನ್ನು ನಾವು ‘ಸ್ವಲ್ಪ ಅವ್ಯವಸ್ಥೆ ಆಯ್ತು’ ಎಂದು ಒಂದು ಮಾತಿನಲ್ಲಿ ಮುಗಿಸುತ್ತೇವೆ. ಆದರೆ ಅವ್ಯವಸ್ಥೆ ಎಲ್ಲರ ಮೇಲೂ ಸಮನಾಗಿ ಹಂಚಿಹೋಗುವುದಿಲ್ಲ. ಅದರ ಖರ್ಚನ್ನು ಯಾರೋ ಒಬ್ಬರು ತಮ್ಮ ಜೇಬಿನಿಂದ, ತಮ್ಮ ಮೈಯಿಂದ ತೀರಿಸುತ್ತಿರುತ್ತಾರೆ. ಯಾರು, ಹೇಗೆ, ಯಾಕೆ ಎಂದು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಬೀದಿಗೂ ಒಂದು ಶಿಸ್ತುಂಟು

ಬೀದಿಯಲ್ಲಿ ಆಡಿ ಬದುಕುವವರ ಕೆಲಸ ಹೊರಗಿನಿಂದ ನೋಡಿದರೆ ಗಜಿಬಿಜಿಯಾಗಿ ಕಾಣುತ್ತದೆ. ಒಳಗೆ ಅದಕ್ಕೊಂದು ಕಟ್ಟುನಿಟ್ಟಾದ ಲೆಕ್ಕವಿದೆ. ದೊಂಬರಾಟವನ್ನೇ ತೆಗೆದುಕೊಳ್ಳಿ. ಸಂತೆಗೆ ಬಂದವರು ನಡಿಗೆ ನಿಧಾನ ಮಾಡುವ ಜಾಗ ಯಾವುದು ಎಂದು ಆಟಗಾರ ಮೊದಲು ನೋಡುತ್ತಾನೆ. ಹತ್ತಿರದಲ್ಲಿ ನೆರಳಿರಬೇಕು, ಅಂಗಡಿಯವನಿಗೆ ಅಡ್ಡವಾಗಬಾರದು. ಡೋಲು ಶುರುವಾದರೆ ಮೊದಲು ಸೇರುವುದು ಮಕ್ಕಳು. ಮಕ್ಕಳ ಸಾಲು ನೆಲದ ಮೇಲೆ ಕುಳಿತರೆ ಹಿಂದೆ ದೊಡ್ಡವರು ನಿಲ್ಲುತ್ತಾರೆ, ಆಗ ದುಂಡಗೊಂದು ಅಂಕಣ ತಾನಾಗಿಯೇ ಸಿದ್ಧ. ಲಾಗ ಹಾಕುವುದು, ಬಳೆಯೊಳಗೆ ನುಸುಳುವುದು ಮುಂತಾದ ಚಿಕ್ಕ ಆಟಗಳು ಮೊದಲು. ಆಮೇಲೆ ಬಿದಿರಿನ ಕವೆಗಳ ಮೇಲೆ ಹಗ್ಗ ಬಿಗಿಯುತ್ತದೆ, ಕೈಯಲ್ಲಿ ಕೋಲು ಹಿಡಿದ ಹುಡುಗಿ ಹಗ್ಗ ಹತ್ತುತ್ತಾಳೆ. ಎಲ್ಲಕ್ಕಿಂತ ಅಪಾಯದ ಆಟಕ್ಕೆ ಇನ್ನೊಂದೇ ಹೆಜ್ಜೆ ಇದೆ ಎನ್ನುವಾಗ ಡೋಲು ನಿಲ್ಲುತ್ತದೆ. ಹೊಟ್ಟೆಪಾಡಿನ ಮಾತು ಬರುತ್ತದೆ, ತಟ್ಟೆ ಸುತ್ತುತ್ತದೆ. ಕೊನೆಯ ಆಟ ಅದಾದ ಮೇಲೆ.

ತಟ್ಟೆ ಆ ಹೊತ್ತಿಗೇ ಯಾಕೆ ಸುತ್ತಬೇಕು? ಕೊನೆಯ ಆಟ ಮುಗಿದ ಮರುಕ್ಷಣ ಜನ ಚದುರುತ್ತಾರೆ, ಆಮೇಲೆ ಯಾರೂ ಜೇಬಿಗೆ ಕೈಹಾಕುವುದಿಲ್ಲ. ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಕತ್ತಿ ತೂರಿ ಹಿಡಿಯುವವನೂ, ನಮ್ಮ ಸಂತೆಯಲ್ಲಿ ಹಗ್ಗ ಬಿಗಿಯುವವನೂ ಒಬ್ಬರನ್ನೊಬ್ಬರು ನೋಡದೆಯೇ ಈ ಒಂದು ಸೂತ್ರಕ್ಕೆ ಬಂದು ನಿಂತಿದ್ದಾರೆ.

ಹಗಲುವೇಷದವರ ಲೆಕ್ಕ ಇದಕ್ಕೆ ತಿರುವುಮುರುವು. ಅವರು ಒಂದೂರಿನಲ್ಲಿ ಹಲವು ದಿನ ಬೀಡುಬಿಟ್ಟು ದಿನಕ್ಕೊಂದು ವೇಷ ಕಟ್ಟುತ್ತಾರೆ. ಹಾರ್ಮೋನಿಯಂ, ತಬಲ, ತಾಳದೊಂದಿಗೆ ಬೀದಿಬೀದಿ ಸುತ್ತುತ್ತಾರೆ. ಊರಿನವರಿಗೆ ಮುಖಪರಿಚಯ ಆಗಿ, ಮಾತಿನ ರುಚಿ ಹತ್ತಿದ ಮೇಲೆ ಕಡೆಯ ದಿನ ಮನೆಮನೆಯಿಂದ ದವಸ, ದುಡ್ಡು, ಬಟ್ಟೆ ಕೇಳಿ ಪಡೆಯುತ್ತಾರೆ. ಸುಡುಗಾಡು ಸಿದ್ಧರ ಕೈಚಳಕಕ್ಕೆ, ದುರುಗಮುರುಗಿಯವರ ಉರುಮೆ–ಚಾಟಿಗೆ, ಕೋಲೆ ಬಸವನ ತಲೆಯಾಡಿಕೆಗೆ ಕೂಡ ಇಂಥದೇ ಒಂದೊಂದು ಲೆಕ್ಕ ಉಂಟು. ಕಾಲಕ್ಕೆ ತಕ್ಕಂತೆ ಅದು ಬದಲಾಗಿಯೂ ಇದೆ. ಬಸವನ ಹಣೆಗೆ ಕಟ್ಟಿದ ಕ್ಯೂಆರ್ ಕೋಡನ್ನು ಜನ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ವಿಡಿಯೊವನ್ನು 2021ರ ನವೆಂಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹಂಚಿಕೊಂಡಿದ್ದು ಹಲವರಿಗೆ ನೆನಪಿರಬಹುದು.

ಈ ಎಲ್ಲ ಆಟಗಳಲ್ಲೂ ಮೂರು ವಿಷಯ ಆಟಗಾರನ ಕೈಯಲ್ಲಿರುತ್ತವೆ: ಯಾವಾಗ ಶುರು ಮಾಡಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ದುಡ್ಡು ಕೇಳಬೇಕು. ಉತ್ಸವ ಸಮಿತಿ ಅವನನ್ನು ಕರೆಸಿಕೊಂಡ ಕೂಡಲೇ ಈ ಮೂರೂ ಅವನ ಕೈತಪ್ಪುತ್ತವೆ. ಹೊತ್ತು ಸಮಿತಿಯದು, ಜಾಗ ಸಮಿತಿಯದು, ದುಡ್ಡು ಸಮಿತಿಯದು. ಸಮಿತಿ ಇವನ್ನು ನೆಟ್ಟಗೆ ನಿಭಾಯಿಸಿದರೆ ಕಲಾವಿದನಿಗೆ ಬೀದಿಗಿಂತ ಲಾಭ. ಮಳೆಗೆ ಚಪ್ಪರ, ಊಟ, ಖಚಿತವಾದ ಸಂಭಾವನೆ, ನಾಲ್ಕು ಜನರ ಮುಂದೆ ಗೌರವ. ನಿಭಾಯಿಸದಿದ್ದರೆ ಅವನಿಗೆ ಬೀದಿಯ ಸ್ವಾತಂತ್ರ್ಯವೂ ಇಲ್ಲ, ವೇದಿಕೆಯ ಅನುಕೂಲವೂ ಇಲ್ಲ.

ಕಾಯುವ ಕೆಲಸ

ಹಳೇ ಮೈಸೂರು ಸೀಮೆಯ ಒಂದು ಉತ್ಸವ. ಊರಿನ ಹೆಸರು ಬೇಡ, ಬೇರೆಡೆಯೂ ಇದೇ ಕಥೆ. ತಂಡಗಳೆಲ್ಲ ಎಂಟು ಗಂಟೆಗೆ ಹಾಜರಿರಬೇಕು ಎಂದು ಹೇಳಿದ್ದರು. ಮೆರವಣಿಗೆ ಹೊರಡುವುದು ಹತ್ತಕ್ಕೆ. ದೂರದ ತಂಡಗಳು ರಾತ್ರಿಯೇ ಟೆಂಪೊ ಹತ್ತಿ ಬಂದು, ಶಾಲೆಯ ಕೋಣೆಯಲ್ಲಿ ಬೆಂಚು ಜೋಡಿಸಿ ಮಲಗಿದ್ದವು. ಕೋಣೆಗಳಿಗೆ ಫ್ಯಾನಿತ್ತು, ಶೌಚಾಲಯಕ್ಕೆ ಬೀಗ ಇತ್ತು, ಕೀಲಿ ಇದ್ದ ಮೇಷ್ಟ್ರು ರಜೆಯಲ್ಲಿದ್ದರು. ಮಹಿಳೆಯರ ಡೊಳ್ಳು ತಂಡದವರು ಅಕ್ಕಪಕ್ಕದ ಮನೆಗಳ ಕದ ತಟ್ಟಿ ಹಿತ್ತಿಲು ಕೇಳಬೇಕಾಯಿತು.

ಹತ್ತು ಗಂಟೆಗೆ ತಂಡಗಳು ವೇಷ ಕಟ್ಟಿ ಸಾಲಾಗಿ ನಿಂತವು. ವೇಷ ಕಟ್ಟಿದ ಮೇಲೆ ಕಾಯುವುದೆಂದರೆ ಏನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ವೀರಗಾಸೆಯವರ ಎದೆಯ ಮೇಲೆ ವೀರಭದ್ರನ ಹಲಗೆ, ಸೊಂಟಕ್ಕೆ ಗಂಟೆ, ತಲೆಗೆ ಜಡೆ, ಮೈತುಂಬ ರುದ್ರಾಕ್ಷಿ. ಒಮ್ಮೆ ಕಟ್ಟಿದರೆ ಬಿಚ್ಚಿ ಮತ್ತೆ ಕಟ್ಟುವುದು ಸುಲಭವಲ್ಲ, ಆದ್ದರಿಂದ ನೀರು ಕುಡಿಯುವಾಗಲೂ ಹಿಂದುಮುಂದು ನೋಡುತ್ತಾರೆ. ಪೂಜಾ ಕುಣಿತದವರು ಬಿದಿರಿನ ಚೌಕಟ್ಟಿನ ‘ಪೂಜೆ’ಯನ್ನು ತಲೆ ಮೇಲೆ ಹೊತ್ತು, ಕೈಬಿಟ್ಟು ಕುಣಿಯುವವರು. ಸೋಮನ ಕುಣಿತದ ಮುಖವಾಡ ಹೊತ್ತವನಿಗೆ ಸುತ್ತಮುತ್ತ ಸರಿಯಾಗಿ ಕಾಣುವುದೂ ಇಲ್ಲ. ಗೊರವರಿಗೆ ಕಪ್ಪು ಕಂಬಳಿಯ ನಿಲುವಂಗಿ, ಮೇಲೆ ಕರಡಿ ಕೂದಲಿನ ಟೊಪ್ಪಿಗೆ. ಬಿಸಿಲು ನೆತ್ತಿಗೆ ಬಂತು. ಉದ್ಘಾಟಕರು ಇನ್ನೂ ದಾರಿಯಲ್ಲಿದ್ದರು.

ಸಮಿತಿಯ ಬಿಲ್ಲೆ ಹಾಕಿಕೊಂಡ ಯುವಕನೊಬ್ಬ ತಮಟೆ ತಂಡದ ಹಿರಿಯರ ಹತ್ತಿರ ಬಂದ.

‘ಯಜಮಾನ್ರೇ, ಜನ ಎದ್ದು ಹೋಗ್ತಾವ್ರೆ. ಸಾಹೇಬ್ರು ಬರೋವರೆಗೂ ಬಾರಿಸ್ತಿರಿ.’

‘ಎಷ್ಟೊತ್ತು ಸಾ?’

‘ಇನ್ನೇನು, ಬಂದ್ಬುಟ್ರು.’

ಹಿರಿಯರು ಮರುಮಾತಾಡದೆ ಹುಡುಗರಿಗೆ ಕಣ್ಸನ್ನೆ ಮಾಡಿದರು. ಅಷ್ಟರಲ್ಲಿ ಸಣ್ಣ ಮಳೆ ಹನಿಯಿತು. ತಮಟೆಯ ಚರ್ಮಕ್ಕೆ ತೇವ ತಾಗಿದರೆ ನಾದ ಕುಗ್ಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಿದರೆ ಮತ್ತೆ ಬಿಗಿಯಾಗಿ ಗಣಗಣ ಎನ್ನುತ್ತದೆ. ವೇದಿಕೆಯ ಹಿಂದೆ ಗಣ್ಯರಿಗೆ ಕೊಡುವ ಸ್ಮರಣಿಕೆಗಳನ್ನು ತಂದಿದ್ದ ರಟ್ಟಿನ ಡಬ್ಬಗಳು ಬಿದ್ದಿದ್ದವು. ಹುಡುಗನೊಬ್ಬ ನಾಲ್ಕು ಡಬ್ಬ ಹರಿದು ಬೆಂಕಿ ಹಚ್ಚಿದ. ಚರ್ಮವನ್ನು ಜ್ವಾಲೆಗೆ ತೋರಿಸಿ, ಬೆರಳಿನಿಂದ ತಟ್ಟಿ ಕಿವಿಗಿಟ್ಟು ನೋಡಿ, ಮತ್ತೆ ಬೆಂಕಿಗೆ ತೋರಿಸುತ್ತಿದ್ದ. ಭದ್ರತೆಯವರು ಓಡಿ ಬಂದು ಬೆಂಕಿ ತುಳಿದು ಆರಿಸಿದರು. ಶಾಮಿಯಾನದ ಪಕ್ಕ ಬೆಂಕಿ ಹಾಕಬಾರದು ಎಂಬುದು ಸರಿಯೇ. ಆದರೆ ತಮಟೆ ತಂಡವನ್ನು ಕರೆಸಿದವರಿಗೆ ತಮಟೆ ಕಾಯಿಸಲು ಒಂದು ಮೂಲೆ ಬೇಕು, ನಾಲ್ಕು ಹಿಡಿ ಒಣಹುಲ್ಲು ಬೇಕು ಎಂಬುದೂ ಗೊತ್ತಿರಬೇಕಿತ್ತು. ಧ್ವನಿವರ್ಧಕದವರಿಗೆ ಜನರೇಟರ್ ಬೇಕೆಂಬುದು ಎಲ್ಲರಿಗೂ ಗೊತ್ತಿತ್ತು.

ಮೆರವಣಿಗೆ ಹೊರಟಾಗ ಊಟದ ಹೊತ್ತು ಮೀರಿತ್ತು. ತಂಡಗಳ ಬೆನ್ನಿಗೇ ಡಿಜೆ ಹೊತ್ತ ಲಾರಿ ಬಂತು. ಕಂಸಾಳೆಯ ಕಂಚಿನ ನಾದ, ಗೊರವಯ್ಯನ ಡಮರುಗ, ಕೊಳಲು ಯಾವುದೂ ಹತ್ತು ಅಡಿ ಆಚೆಗೆ ಕೇಳಲಿಲ್ಲ. ಎರಡು ತಂಡಗಳ ನಡುವೆ ಅಂತರ ಬಿಡಬೇಕೆಂಬ ಸರಳ ನಿಯಮವನ್ನೂ ಯಾರೂ ನೋಡಿಕೊಂಡಿರಲಿಲ್ಲ. ಡೊಳ್ಳಿನ ಗತ್ತು ವೀರಗಾಸೆಯವರ ಕಾಲಿಗೆ ತೊಡರಿತು, ವೀರಗಾಸೆಯ ಸಂಬಾಳ ಡೊಳ್ಳಿನವರ ಕೈ ಕೆಡಿಸಿತು. ವೀರಗಾಸೆಯ ಪುರವಂತ ವೀರಭದ್ರನ ಹೊಗಳಿಕೆಯ ಒಡಪು ಹೇಳಲು ಬಾಯಿ ತೆರೆದರೆ ಹಿಂದಿನಿಂದ ‘ಮುಂದೆ ನಡೀರಿ, ನಿಲ್ಬೇಡಿ’ ಎಂಬ ಮೈಕಿನ ಕೂಗು. ಒಡಪು ಹೇಳಲು ನಿಲ್ಲಲೇಬೇಕು. ನಿಂತು, ಜನರಿಗೆ ಮುಖಮಾಡಿ ಎತ್ತಿದ ದನಿಯಲ್ಲಿ ಹೇಳಿದರೇ ಅದು ಒಡಪು.

ಸಂಜೆ ವೇದಿಕೆಯ ಮೇಲೆ ಡೊಳ್ಳು ತಂಡಕ್ಕೆ ಇಪ್ಪತ್ತು ನಿಮಿಷ ಎಂದು ಹೇಳಿದ್ದರು. ಅದು ಹತ್ತಕ್ಕೆ ಇಳಿಯಿತು, ಕೊನೆಗೆ ನಿರೂಪಕಿ ‘ಎರಡೇ ನಿಮಿಷದಲ್ಲಿ ಮುಗಿಸಿ’ ಎಂದರು. ಡೊಳ್ಳಿನವರು ನಿಧಾನಗತಿಯಲ್ಲಿ ಆರಂಭಿಸಿ, ಸುತ್ತು ಬದಲಿಸಿ, ಬೈಠಕ್ಕಿಗೆ ಇಳಿದು, ಒಬ್ಬರ ಹೆಗಲ ಮೇಲೊಬ್ಬರು ಏರಿ ಗೋಪುರ ಕಟ್ಟುತ್ತಾರೆ. ಮೈ ಕಾಯದೆ ಗೋಪುರಕ್ಕೆ ಹಾರಿದರೆ ಕಾಲು ಉಳುಕುವ ಅಪಾಯವಿದೆ. ಅವರು ಹಾರಿದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಕಾರ್ಯಕ್ರಮದ ಕೀಬೋರ್ಡು ಅಷ್ಟರಲ್ಲೇ ವೇದಿಕೆಗೆ ಬಂದಿತ್ತು.

ಇಡೀ ದಿನವನ್ನು ಒಟ್ಟಿಗೆ ನೋಡಿದರೆ ಒಂದು ನಮೂನೆ ಕಾಣುತ್ತದೆ. ಹೊತ್ತು ಹೆಚ್ಚಾಗಿ ಉಳಿದಾಗ ಅದನ್ನು ತುಂಬಲು ಇದೇ ಕಲಾವಿದರು, ಹೊತ್ತು ಸಾಲದೆ ಬಂದಾಗ ಬಿಟ್ಟುಕೊಡಲೂ ಇದೇ ಕಲಾವಿದರು. ವೇಳಾಪಟ್ಟಿ ಎಲ್ಲಿ ಹರಿದರೂ ಅಲ್ಲಿಗೆ ಹಾಕುವ ತೇಪೆ ಇವರು.

ಟೆಂಡರ್ ಇದ್ದವರು, ಫೋನ್ ಕರೆ ಇದ್ದವರು

ಹೀಗಾಗಲು ಯಾರದೋ ಕೆಟ್ಟ ಮನಸ್ಸೇ ಕಾರಣವಾಗಬೇಕೆಂದಿಲ್ಲ. ಕಾಗದಪತ್ರ ಹೇಗೆ ಹರಿದಾಡುತ್ತದೆ ಎಂಬುದನ್ನು ನೋಡಿದರೆ ಅರ್ಧ ಕಾರಣ ಸಿಗುತ್ತದೆ. ಸರ್ಕಾರಿ ದುಡ್ಡಿನಲ್ಲಿ ನಡೆಯುವ ದೊಡ್ಡ ಉತ್ಸವದಲ್ಲಿ ವೇದಿಕೆ, ಪೆಂಡಾಲು, ಬೆಳಕು, ಧ್ವನಿ, ಎಲ್‌ಇಡಿ ಪರದೆ ಮುಂತಾದವನ್ನು ಕೊಡುವವರು ಸಾಮಾನ್ಯವಾಗಿ ಟೆಂಡರ್ ಮೂಲಕ ಬರುತ್ತಾರೆ. ಅದಕ್ಕೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಇದೆ. ಟೆಂಡರ್ ಎಂದರೆ ಕರಾರು: ಎಷ್ಟು ಅಡಿ ವೇದಿಕೆ, ಎಷ್ಟು ಹೊತ್ತು, ಯಾವಾಗ ಬಿಲ್ಲು, ತಪ್ಪಿದರೆ ಎಷ್ಟು ದಂಡ. ಸಿನಿಮಾ ಗಾಯಕರಿಗೆ ಮ್ಯಾನೇಜರ್ ಇರುತ್ತಾರೆ. ಮುಂಗಡ ಖಾತೆಗೆ ಬೀಳದೆ ಅವರು ಹೊರಡುವುದಿಲ್ಲ, ಯಾವ ಬ್ರ್ಯಾಂಡಿನ ಸ್ಪೀಕರ್ ಬೇಕು, ಕೋಣೆ ಹೇಗಿರಬೇಕು ಎಂಬುದೂ ಮೊದಲೇ ಬರೆದು ಬರುತ್ತದೆ.

ಕಲಾತಂಡಕ್ಕೆ ಬರುವುದು ಒಂದು ಫೋನ್ ಕರೆ. ಬಹಳವೆಂದರೆ ವಾಟ್ಸ್ಆ್ಯಪ್‌ನಲ್ಲಿ ಒಂದು ಪತ್ರ. ಅದರಲ್ಲಿ ದಿನಾಂಕ, ಸ್ಥಳ, ‘ತಂಡದೊಂದಿಗೆ ಹಾಜರಾಗತಕ್ಕದ್ದು’ ಎಂಬ ಮಾತು. ಎಷ್ಟು ಗಂಟೆ ಕೆಲಸ, ಎಲ್ಲಿ ಮಲಗುವುದು, ದುಡ್ಡು ಎಂದು, ಕಾರ್ಯಕ್ರಮ ರದ್ದಾದರೆ ಬಸ್ ಚಾರ್ಜಾದರೂ ಉಂಟೇ ಎಂಬ ಪ್ರಶ್ನೆಗಳಿಗೆ ಪತ್ರ ಉತ್ತರ ಕೊಡುವುದಿಲ್ಲ. ಪತ್ರದಲ್ಲಿ ಇಲ್ಲದ್ದನ್ನು ಆಮೇಲೆ ಕೇಳಲು ಬರುವುದಿಲ್ಲ.

ದುಡ್ಡಿನ ದಾರಿಯೂ ಉದ್ದ. ತಂಡದ ಮುಖ್ಯಸ್ಥ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಸಹಿ ಮಾಡಿದ ವೋಚರ್ ಕೊಡಬೇಕು. ಬಿಲ್ಲು ಮೇಜಿನಿಂದ ಮೇಜಿಗೆ ಹೋಗಿ, ಖಜಾನೆ ಮುಟ್ಟಿ, ಅವರ ಖಾತೆಗೆ ಬರಬೇಕು. ನಗದಿನ ಬದಲು ಖಾತೆಗೇ ಹಾಕುವ ಪದ್ಧತಿಯಿಂದ ನಡುವಿನವರ ಕೈಗೆ ದುಡ್ಡು ಸೋರುವುದು ಕಡಿಮೆಯಾಗಿದೆ, ಅದು ಒಳ್ಳೆಯದೇ. ಆದರೆ ಟೆಂಪೊದವನು ಅದೇ ದಿನ ಬಾಡಿಗೆ ಕೇಳುತ್ತಾನೆ. ತಂಡದ ಹುಡುಗರಲ್ಲಿ ಕೆಲವರು ಗಾರೆ ಕೆಲಸ ಬಿಟ್ಟು ಬಂದಿರುತ್ತಾರೆ, ಕೆಲವರು ಹೊಲದ ಕೂಲಿ ಬಿಟ್ಟು ಬಂದಿರುತ್ತಾರೆ. ಅವರಿಗೆ ಅದೇ ರಾತ್ರಿ ಕೈಗೆ ಏನಾದರೂ ಕೊಡಬೇಕು. ಮುಖ್ಯಸ್ಥ ಕೈಸಾಲ ಮಾಡುತ್ತಾನೆ, ಇಲ್ಲವೇ ಮನೆಯ ಒಡವೆ ಅಡವಿಡುತ್ತಾನೆ. ಸಂಭಾವನೆ ಬರುವ ಹೊತ್ತಿಗೆ ಬಡ್ಡಿ ಅದರ ಒಂದು ಪಾಲು ನುಂಗಿರುತ್ತದೆ. ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ, ಏಕೆಂದರೆ ಅಲ್ಲಿ ಬಡ್ಡಿಯ ಕಾಲಮ್ಮೇ ಇಲ್ಲ.

ಕಾಗದ ಓಡಿಸಲು ಬಾರದ ತಂಡಗಳ ಪರವಾಗಿ ಓಡಾಡುವ ದಲ್ಲಾಳಿ ಹುಟ್ಟಿಕೊಳ್ಳುವುದು ಇಲ್ಲೇ. ಕಚೇರಿಯ ಪರಿಚಯ ಅವನಿಗಿದೆ, ಕುಣಿತ ತಂಡದವರಿಗಿದೆ. ಕುಣಿತಕ್ಕಿಂತ ಪರಿಚಯಕ್ಕೆ ಬೆಲೆ ಹೆಚ್ಚಾದಾಗ ವರ್ಷವರ್ಷವೂ ಅವೇ ತಂಡಗಳು ಬರತೊಡಗುತ್ತವೆ. ಕೆಲವೊಮ್ಮೆ ಒಂದೇ ತಂಡ ಬೆಳಿಗ್ಗೆ ಒಂದು ವೇಷ, ಮಧ್ಯಾಹ್ನ ಇನ್ನೊಂದು ವೇಷ ಕಟ್ಟುತ್ತದೆ. ಅಸಲು ಕಲಾವಿದ ಊರಲ್ಲೇ ಉಳಿಯುತ್ತಾನೆ.

ಬಿಟ್ಟಿಯಿಂದ ಸಂಭಾವನೆಗೆ, ಮತ್ತೆ ಬಿಟ್ಟಿಗೆ

‘ಹಿಂದೆ ಜಾತ್ರೆಗಳಲ್ಲಿ ಎಲ್ಲ ಎಷ್ಟು ಅಚ್ಚುಕಟ್ಟಾಗಿತ್ತು’ ಎಂದು ಹಳಬರು ಹೇಳುವುದುಂಟು. ಅದರಲ್ಲಿ ಸತ್ಯವಿದೆ. ಜಾತ್ರೆಯಲ್ಲಿ ವೀಳ್ಯ ಕೊಟ್ಟು ಕರೆಯುತ್ತಿದ್ದರು. ದೇವರ ಉತ್ಸವ ಎಲ್ಲಿ ನಿಲ್ಲಬೇಕು, ಯಾರ ಕುಣಿತ ಮೊದಲು, ಯಾರಿಗೆ ಯಾವ ಮನೆಯ ಊಟ ಎಂಬುದು ಊರಿಗೆಲ್ಲ ಬಾಯಿಪಾಠ. ಮಳೆ ಬಂದರೆ ಎಲ್ಲಿ ಬೆಂಕಿ ಹಾಕಬೇಕು ಎಂಬುದನ್ನು ತಮಟೆಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಆ ಅಚ್ಚುಕಟ್ಟಿನ ಒಳಗೆ ಜಾತಿಯ ಕಟ್ಟೂ ಇತ್ತು. ತಮಟೆ ಬಾರಿಸುವುದು ಒಂದು ಸಮುದಾಯದ ತಲೆಗೆ ಕಟ್ಟಿದ ಕೆಲಸ. ಊರಹಬ್ಬಕ್ಕೆ ಬಾರಿಸಬೇಕು, ಸಾವಿಗೆ ಬಾರಿಸಬೇಕು, ಒಲ್ಲೆ ಎನ್ನುವಂತಿಲ್ಲ. ಬಾರಿಸಿದವನಿಗೆ ಗುಡಿಯೊಳಗೆ ಪ್ರವೇಶವಿಲ್ಲ. ದಲಿತ ಚಳವಳಿ ಬಲಗೊಂಡ ಕಾಲದಲ್ಲಿ ಎಷ್ಟೋ ಹಳ್ಳಿಗಳ ಯುವಕರು ಇನ್ನು ತಮಟೆ ಮುಟ್ಟುವುದಿಲ್ಲ ಎಂದು ನಿಂತರು. ಇನ್ನು ಕೆಲವರು ಅದೇ ತಮಟೆಯನ್ನು ಹೋರಾಟದ ಮೆರವಣಿಗೆಗೆ ತಂದು, ತಮ್ಮ ಇಚ್ಛೆಯಿಂದ ಬಾರಿಸಿದರು. ಒಲ್ಲೆ ಎನ್ನಲಾಗದ ಇಂಥ ದುಡಿಮೆಗೆ ಕಾನೂನೂ ತಡೆ ಹಾಕಿತ್ತು: ಜೀತ ಪದ್ಧತಿಯನ್ನು ರದ್ದುಗೊಳಿಸಿದ ಕೇಂದ್ರ ಕಾಯ್ದೆ 1976ರದು.

ಈ ಹಿನ್ನೆಲೆಯಲ್ಲಿ ನೋಡಿದರೆ ಸರ್ಕಾರಿ ಉತ್ಸವ ಕಲಾವಿದರಿಗೆ ಕೊಟ್ಟ ಮಾತು ದೊಡ್ಡದು. ‘ನೀನು ಇನ್ನು ಊರಿನ ಆಳಲ್ಲ, ಕಲಾವಿದ. ನಿನಗೆ ದಾನ ಅಲ್ಲ, ಸಂಭಾವನೆ.’ ಮಾತು ಪೂರ್ತಿ ಹುಸಿಯಾಗಲಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ವಾದಕ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಒಂದು ಕಾಲಕ್ಕೆ ಗಂಡಸರದೇ ಆಗಿದ್ದ ಡೊಳ್ಳು, ವೀರಗಾಸೆಗಳಲ್ಲಿ ಇಂದು ಮಹಿಳಾ ತಂಡಗಳು ಎದ್ದಿರುವುದಕ್ಕೂ ಇಂಥ ವೇದಿಕೆಗಳು ದಾರಿ ಮಾಡಿಕೊಟ್ಟಿವೆ.

ಆದರೆ ಕೆಟ್ಟದಾಗಿ ನಡೆಯುವ ಉತ್ಸವ ಆ ಮಾತನ್ನು ಸದ್ದಿಲ್ಲದೆ ಹಿಂತೆಗೆದುಕೊಳ್ಳುತ್ತದೆ. ಸಂಭಾವನೆ ನಿಗದಿಯಾಗಿದ್ದು ಮೆರವಣಿಗೆಗೆ. ಕಾದ ಗಂಟೆಗಳಿಗೆ ದುಡ್ಡಿಲ್ಲ, ಜನ ಎದ್ದುಹೋಗದಂತೆ ಬಾರಿಸಿದ್ದಕ್ಕೆ ದುಡ್ಡಿಲ್ಲ, ‘ಸಾಹೇಬ್ರು ಇನ್ನೊಂದ್ಸಲ ನೋಡ್ಬೇಕಂತೆ’ ಎಂದು ಮತ್ತೆ ಕುಣಿಸಿದ್ದಕ್ಕೆ ದುಡ್ಡಿಲ್ಲ. ಒಲ್ಲೆ ಎಂದರೆ ಮುಂದಿನ ವರ್ಷ ಕರೆ ಬರುವುದಿಲ್ಲ. ಒಲ್ಲೆ ಎನ್ನಲಾಗದ, ಕೂಲಿಯೂ ಸಿಗದ ಆ ಗಂಟೆಗಳು ಹಳೆಯ ಬಿಟ್ಟಿ ಚಾಕರಿಯೇ. ಹಿಂದೆ ಅದನ್ನು ಮಾಡಿಸುತ್ತಿದ್ದುದು ಜಾತಿ, ಈಗ ಮಾಡಿಸುತ್ತಿರುವುದು ಅವ್ಯವಸ್ಥೆ.

ಉತ್ಸವ ಸರಿಯಿಲ್ಲದಿದ್ದರೆ ಬೀದಿಗೇ ವಾಪಸ್ ಹೋಗಬಹುದಲ್ಲ ಎಂದರೆ ಅಲ್ಲಿ ಕಾನೂನು ಕೂತಿದೆ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಹಾಡಿ, ಕುಣಿದು, ಕಣಿ ಹೇಳಿ, ಆಟ ಆಡಿ ಹಣ ಕೇಳುವುದನ್ನೂ ಭಿಕ್ಷೆಯ ಪಟ್ಟಿಗೇ ಸೇರಿಸಿತು. ದೆಹಲಿಗೂ ಅನ್ವಯವಾಗಿದ್ದ ಅದರ ಮುಖ್ಯ ಕಲಂಗಳನ್ನು ದೆಹಲಿ ಹೈಕೋರ್ಟ್ 2018ರಲ್ಲಿ ರದ್ದುಪಡಿಸಿತು. ಬೀದಿ ಬದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕೇಂದ್ರ ಕಾಯ್ದೆ ಬಂತು. ಅದರಿಂದ ತಳ್ಳುಗಾಡಿಯವರಿಗೆ ಗುರುತಿನ ಚೀಟಿ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಪ್ರಾತಿನಿಧ್ಯ ಸಿಕ್ಕಿತು. ಅದೇ ಫುಟ್‌ಪಾತಿನಲ್ಲಿ ಆಟ ಆಡುವವನಿಗೆ ಅಂಥ ಕಾಯ್ದೆ ಯಾವುದೂ ಇಲ್ಲ. 1985ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಭಾರತ ಉತ್ಸವದ ಅಂಗವಾಗಿ ‘ಮೇಳ’ ನಡೆದಾಗ ನಮ್ಮ ಬೀದಿ ಕಲಾವಿದರು ದೇಶದ ಅತಿಥಿಗಳಾಗಿ ಹೋಗಿ ಮನೆಮಾತಾಗಿ ಬಂದರು. ಊರಿಗೆ ಬಂದು ಮತ್ತೆ ಬೀದಿಯಲ್ಲಿ ಹಗ್ಗ ಕಟ್ಟಿದರೆ ಪೊಲೀಸರ ಲಾಠಿ ಹಳೆಯದೇ.

ಆನೆಗೆ ಮಾಡುವುದು ನಮಗೆ ಗೊತ್ತು

ದೊಡ್ಡ ಉತ್ಸವವೆಂದ ಮೇಲೆ ಗೊಂದಲ ಇದ್ದದ್ದೇ ಎಂಬ ಸಮಾಧಾನ ನಿಲ್ಲುವುದಿಲ್ಲ. ಅಚ್ಚುಕಟ್ಟು ನಮಗೆ ಬರುತ್ತದೆ. ಮೈಸೂರು ದಸರೆಯ ಆನೆಗಳನ್ನು ನೋಡಿ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವುದು ವಿಜಯದಶಮಿಗೆ ಎಷ್ಟೋ ವಾರ ಮೊದಲು. ಮೈಸೂರಿಗೆ ಬಂದ ಆನೆಗಳನ್ನು ತೂಕದ ಸೇತುವೆಗೆ ಹತ್ತಿಸುತ್ತಾರೆ, ಯಾವ ಆನೆ ಎಷ್ಟು ಕಿಲೊ ಎಂಬುದು ಪತ್ರಿಕೆಯಲ್ಲಿ ಬರುತ್ತದೆ. ಉದ್ದಿನಕಾಳು, ಗೋಧಿ, ಕುಸುಬಲಕ್ಕಿ, ಬೆಣ್ಣೆ, ತರಕಾರಿ ಸೇರಿದ ಆಹಾರ, ಪಶುವೈದ್ಯರು, ಮಾವುತರ ಮಕ್ಕಳಿಗೆ ಅರಮನೆ ಆವರಣದಲ್ಲೇ ತಾತ್ಕಾಲಿಕ ಶಾಲೆ. ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು 5 ಕಿಲೊಮೀಟರ್ ದಾರಿಯಲ್ಲಿ ದಿನವೂ ತಾಲೀಮು. ಮೊದಲು ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ, ಕೊನೆಗೆ 750 ಕಿಲೊ ತೂಕದ ಚಿನ್ನದ ಅಂಬಾರಿ. ಕುಶಾಲತೋಪಿನ ಸದ್ದಿಗೆ ಬೆಚ್ಚಬಾರದೆಂದು ಅದಕ್ಕೂ ಬೇರೆ ತಾಲೀಮು.

ಆನೆ ಹೇಗೆ ನಡೆಯುತ್ತದೆ, ಎಷ್ಟು ಹೊರುತ್ತದೆ, ಯಾವುದಕ್ಕೆ ಹೆದರುತ್ತದೆ ಎಂದು ತಿಳಿದವರನ್ನು ಕೇಳಿ ಮಾಡಿದ ವ್ಯವಸ್ಥೆ ಅದು. ಮಾವುತನ ಮಾತಿಗೆ ಅಲ್ಲಿ ಬೆಲೆ ಇದೆ. ಊರೂರಿನ ಉತ್ಸವಗಳಲ್ಲಿ ಪೂಜಾ ಕುಣಿತದವನು ತಲೆಯ ಮೇಲೆ ಎಷ್ಟು ಹೊತ್ತು ಭಾರ ಹೊರಬಲ್ಲ, ಡಾಂಬರು ರಸ್ತೆಯಲ್ಲಿ ಬರಿಗಾಲಲ್ಲಿ ಎಷ್ಟು ದೂರ ಕುಣಿಯಬಲ್ಲ ಎಂದು ಯಾರಾದರೂ ಅವನನ್ನೇ ಕೇಳಿದ್ದುಂಟೆ?

ಹೊರದೇಶದ ಒಂದು ಉದಾಹರಣೆಯೂ ಇಲ್ಲಿ ಸಲ್ಲುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ 1947ರಲ್ಲಿ ಮೊದಲ ಅಂತರರಾಷ್ಟ್ರೀಯ ಉತ್ಸವ ನಡೆದಾಗ ಎಂಟು ನಾಟಕ ತಂಡಗಳು ಕರೆಯದೆ ಬಂದು, ಸಿಕ್ಕ ಜಾಗಗಳಲ್ಲಿ ಆಡಿದವು. ಅಲ್ಲಿಂದ ಬೆಳೆದ ‘ಫ್ರಿಂಜ್’ ಇಂದು ಜಗತ್ತಿನ ಅತಿ ದೊಡ್ಡ ಕಲಾ ಉತ್ಸವಗಳಲ್ಲಿ ಒಂದು. ಪ್ರತಿ ಆಗಸ್ಟ್‌ನಲ್ಲಿ ಅಲ್ಲಿನ ರಾಯಲ್ ಮೈಲ್ ರಸ್ತೆ ಬೀದಿ ಕಲಾವಿದರಿಂದ ತುಂಬುತ್ತದೆ. ದೊಡ್ಡ ಆಟಗಳಿಗೆ ಗೊತ್ತುಮಾಡಿದ ಜಾಗಗಳಿವೆ, ಕಲಾವಿದರು ಚೀಟಿ ಎತ್ತಿ ಆ ದಿನದ ಸರದಿ ಹಂಚಿಕೊಳ್ಳುತ್ತಾರೆ. ಹೆಸರು ಮಾಡಿದವನಿಗೂ ಹೊಸಬನಿಗೂ ಚೀಟಿ ಒಂದೇ. ತನ್ನ ಸರದಿ ಮುಗಿದ ಮೇಲೆ ಜಾಗ ಖಾಲಿ ಮಾಡಬೇಕು. ಟೋಪಿಗೆ ಬಿದ್ದ ದುಡ್ಡು ಆಡಿದವನದು. ಅಲ್ಲಿಯೂ ದೂರುಗಳಿಗೆ ಬರವಿಲ್ಲ: ಬಾಡಿಗೆ ದುಬಾರಿ, ಮಳೆ ಬಂದರೆ ಆ ದಿನದ ಗಳಿಕೆ ಸೊನ್ನೆ. ಆದರೂ ಯಾವಾಗ, ಎಲ್ಲಿ, ಎಷ್ಟು ಹೊತ್ತು ಎಂಬುದು ಆಡುವವನಿಗೆ ಮೊದಲೇ ಗೊತ್ತಿರುತ್ತದೆ.

ಮಾಡಲು ಏನು ಕಷ್ಟ?

ಬೇಕಾಗಿರುವುದು ಕೋಟಿಗಟ್ಟಲೆ ಖರ್ಚಿನ ಯೋಜನೆಯಲ್ಲ. ಉತ್ಸವ ಸಮಿತಿಯಲ್ಲಿ ಒಬ್ಬ ಹಿರಿಯ ಕಲಾವಿದ ಇರಲಿ. ಸನ್ಮಾನಕ್ಕಲ್ಲ, ಮೆರವಣಿಗೆಯ ಕ್ರಮ ಹಾಕಲು. ಯಾವ ವಾದ್ಯದ ಹಿಂದೆ ಯಾವ ವಾದ್ಯ ಬರಬೇಕು, ಎಷ್ಟು ಅಂತರ ಬೇಕು, ಎಲ್ಲಿ ನಿಂತು ಕುಣಿಯಬೇಕು ಎಂಬುದು ಅವರಿಗೆ ತಿಳಿದಷ್ಟು ಯಾವ ಇವೆಂಟ್ ಮ್ಯಾನೇಜರಿಗೂ ತಿಳಿಯದು. ಡಿಜೆ ಬೇಕೇ ಬೇಕೆಂದರೆ ಅದು ತಂಡಗಳ ಹಿಂದೆ ಬಾರದೆ ಬೇರೆ ಹೊತ್ತಿಗೆ, ಬೇರೆ ಜಾಗದಲ್ಲಿ ಇರಲಿ.

ತಂಡಕ್ಕೆ ಹೋಗುವ ಪತ್ರದಲ್ಲಿ ಆರು ಸಂಗತಿ ಇರಲಿ: ಹಾಜರಿ ಹೊತ್ತು, ಬಿಡುವ ಹೊತ್ತು, ಕುಣಿಯಬೇಕಾದ ಅವಧಿ, ವಸತಿಯ ಜಾಗ, ಸಂಭಾವನೆಯ ಮೊತ್ತ, ಅದು ಕೈಸೇರುವ ದಿನ. ಬಿಡುವ ಹೊತ್ತು ಮೀರಿದರೆ ಗಂಟೆಗಿಷ್ಟು ಎಂದು ಹೆಚ್ಚುವರಿ ಬರೆದಿರಲಿ. ಉದ್ಘಾಟಕರು ತಡವಾಗಿ ಬಂದರೆ ಸಮಿತಿಯ ಜೇಬಿಗೆ ಬಿಸಿ ತಟ್ಟುವುದು ಆಗ. ಬಿಸಿ ತಟ್ಟಿದರೆ ಮುಂದಿನ ವರ್ಷ ಉದ್ಘಾಟಕರು ಬಾರದಿದ್ದರೂ ಮೆರವಣಿಗೆ ಹತ್ತಕ್ಕೆ ಹೊರಡುತ್ತದೆ. ಕಲಾವಿದರಿಗೆ ಬಣ್ಣ ಹಚ್ಚಿಕೊಳ್ಳಲು, ಬಟ್ಟೆ ಬದಲಿಸಲು ಕೋಣೆ, ಬೀಗವಿಲ್ಲದ ಶೌಚಾಲಯ, ಚರ್ಮವಾದ್ಯ ಕಾಯಿಸಲು ಒಂದು ಮೂಲೆ, ಗಣ್ಯರ ಊಟದ ಜೊತೆಗೇ ಕಲಾವಿದರ ಊಟ. ಪೆಂಡಾಲಿನ ಟೆಂಡರಿಗೇ ಇವನ್ನು ಸೇರಿಸಿಬಿಟ್ಟರೆ ಒದಗಿಸುವುದು ಗುತ್ತಿಗೆದಾರನ ಹೊಣೆಯಾಗುತ್ತದೆ, ಒದಗಿಸದಿದ್ದರೆ ಅವನ ಬಿಲ್ಲಿಗೆ ಕತ್ತರಿ ಬೀಳುತ್ತದೆ.

ದುಡ್ಡಿನದು ಎಲ್ಲಕ್ಕಿಂತ ಮುಖ್ಯ. ಸಿನಿಮಾ ಗಾಯಕರಿಗೆ ಮುಂಗಡ ಕೊಡಲು ದಾರಿ ಇರುವ ಇಲಾಖೆಗೆ ತಮಟೆಯವನಿಗೂ ದಾರಿ ಹುಡುಕಲು ಬರುತ್ತದೆ. ಪ್ರಯಾಣದ ಖರ್ಚು ಹೊರಡುವ ಮುನ್ನ, ಸಂಭಾವನೆ ಕುಣಿದ ದಿನವೇ ಖಾತೆಗೆ. ಹೊಟ್ಟೆಪಾಡಿನ ಮಾತನ್ನು ಕೊನೆಯ ಆಟಕ್ಕೆ ಮುನ್ನವೇ ಎತ್ತಬೇಕೆಂದು ದೊಂಬರ ಹುಡುಗಿಗೆ ಹಗ್ಗದ ಮೇಲೆ ನಿಂತಾಗಲೇ ತಿಳಿದಿರುತ್ತದೆ. ಕಲಾತಂಡಗಳೂ ಅದನ್ನು ಈಗ ಕಲಿಯುತ್ತಿವೆ. ಅರ್ಧ ದುಡ್ಡು ಮೊದಲು ಬಾರದೆ ಟೆಂಪೊ ಹತ್ತುವುದಿಲ್ಲ ಎನ್ನುವ ಯುವಕರ ತಂಡಗಳು ಅಲ್ಲಲ್ಲಿ ಕಾಣುತ್ತಿವೆ. ಸಂಘಟಕರು ಇದನ್ನು ಸೊಕ್ಕು ಎನ್ನುತ್ತಾರೆ. ಗಾಯಕರ ಮ್ಯಾನೇಜರ್ ಇದೇ ಮಾತು ಹೇಳಿದರೆ ವೃತ್ತಿಪರತೆ ಎನ್ನುತ್ತಾರೆ. ಒಂದೇ ವೇದಿಕೆಯಲ್ಲಿ ಆಡುವ ಇಬ್ಬರಿಗೆ ಎರಡು ಅಳತೆಗೋಲು ಇರುವವರೆಗೆ, ಎಷ್ಟೇ ದೀಪ ಹಾಕಿದರೂ ಉತ್ಸವ ಜನರದ್ದಾಗುವುದಿಲ್ಲ.